ಮಂದಿ ಇಲ್ಲದ ಹೊಲ

ಹೋದ ವರ್ಷ ಜುಲೈ ಕೊನೆಗೆ ಅವ್ವ ಇಂಗ್ಲೆಂಡಿಗೆ ಬಂದಿದ್ದಳು. ಮೊದಲ ಸಲ. ಲಂಡನ್ ತೋರಿಸಿದೆ. ಸೇತುವೆ, ಅರಮನೆ, ದೊಡ್ಡ ಗಡಿಯಾರ ಎಲ್ಲ ನೋಡಿದಳು. "ಛಲೋ ಅದ" ಅಂದಳು, ಅಷ್ಟೆ. ಊರಿಗೆ ಫೋನ್ ಮಾಡಿ ಅರ್ಧ ತಾಸು ಹೇಳಿದ್ದು ಮಾತ್ರ ನಮ್ಮ ಮನೆ ಹಿಂದಿನ ಗೋಧಿ ಹೊಲದ ಸುದ್ದಿ.

ನಾವಿರೋದು ಹರ್ಟ್‌ಫರ್ಡ್‌ಶೈರ್‌ನ ಒಂದು ಸಣ್ಣ ಊರಲ್ಲಿ. ಮನೆ ಸಾಲು ಮುಗಿದ ಕೂಡಲೇ ಬೇಲಿ, ಬೇಲಿಗೊಂದು ಪುಟ್ಟ ಗೇಟು, ಗೇಟು ದಾಟಿದರೆ ಹೊಲ. ಹೊಲದ ನಡುವೆಯೇ ಕಾಲುದಾರಿ. ಯಾರು ಬೇಕಾದರೂ ನಡೆಯಬಹುದು. ರೈತ ದೊಡ್ಡ ಮನಸ್ಸು ಮಾಡಿ ಬಿಟ್ಟ ದಾರಿ ಅಂತ ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಗೊತ್ತಾಯ್ತು, ಇದಕ್ಕೆ ಕಾನೂನೇ ಇದೆ. ಉಳುವಾಗ ದಾರಿ ಅಳಿಸಿಹೋದರೆ 14 ದಿನದೊಳಗೆ ರೈತ ಮತ್ತೆ ಮಾಡಿಕೊಡಬೇಕು.

ಬಂದ ಮೂರನೇ ದಿನ ಸಂಜೆ ಅವ್ವನನ್ನು ಆ ದಾರಿಗೆ ಕರೆದುಕೊಂಡು ಹೋದೆ. ಗೋಧಿ ಹಣ್ಣಾಗಿ ನಿಂತಿತ್ತು. ಸೊಂಟದ ಎತ್ತರವೂ ಇಲ್ಲ. ಕತ್ತರಿ ಆಡಿಸಿದ ಹಾಗೆ ಒಂದೇ ಸಮ. ನಡುನಡುವೆ ಟ್ರ್ಯಾಕ್ಟರ್ ಗಾಲಿಯ ಜೋಡಿ ಗೆರೆ. ಅದು ಔಷಧಿ ಹೊಡೆಯೋಕೆ ಬಿಟ್ಟ ಜಾಗ. ಅವ್ವ ನಿಂತಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು.

"ಎಷ್ಟ್ ಎಕರೆ ಇರಬೇಕೋ ತಮ್ಮಾ?"

"ಐವತ್ತರ ಮ್ಯಾಲ ಇರಬೇಕವ್ವಾ."

"ಮತ್ತ ಮಂದಿ ಎಲ್ಲಿ?"

ಆರು ವರ್ಷದಿಂದ ಈ ದಾರಿಯಲ್ಲಿ ನಡೀತಿದ್ದೇನೆ. ನಾಯಿ ಅಡ್ಡಾಡಿಸುವವರನ್ನು ನೋಡಿದ್ದೇನೆ, ಓಡುವವರನ್ನು ನೋಡಿದ್ದೇನೆ. ಹೊಲದಲ್ಲಿ ದುಡಿಯುವವರನ್ನು ನೋಡಿದ್ದು ವರ್ಷಕ್ಕೆ ನಾಲ್ಕೈದು ಸಲ, ಅದೂ ಟ್ರ್ಯಾಕ್ಟರಿನ ಗಾಜಿನ ಹಿಂದೆ ಒಂದು ತಲೆ. ಧಾರವಾಡದ ಕಡೆ ನಮ್ಮ ಐದೆಕರೆ ಎರೆ ಹೊಲದಲ್ಲಿ ಸುಗ್ಗಿ ಬಂದರೆ ಹತ್ತು ಆಳು ಸಾಲದು. ಆದರೂ ಈ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ ನೋಡಿ. ಅವ್ವ ಇದ್ದ ಆರು ವಾರ, ಆಕೆ ಮಲಗಿದ ಮೇಲೆ ಓದುತ್ತ ಕೂತೆ. ಬೆಳಿಗ್ಗೆ ಚಾ ಕುಡಿಯುವಾಗ ಓದಿದ್ದನ್ನು ಆಕೆಗೆ ಹೇಳೋದು. ಆಕೆ ಅದಕ್ಕೊಂದು ತಕರಾರು ತೆಗೆಯೋದು.

ಮೊದಲು ಎಕರೆಯ ಮಾತೇ ಬಂತು. ನಾಲ್ವತ್ತು ಗುಂಟೆಗೆ ಒಂದು ಎಕರೆ ಅಂತ ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಈ ಎಕರೆ ಇಂಗ್ಲಿಷರ ಜೊತೆ ನಮಗೆ ಬಂದದ್ದು. ಇಲ್ಲಿ ಅದು ಹುಟ್ಟಿದ್ದು ಎತ್ತಿನ ಹಿಂದೆ. ಎತ್ತಿನ ಜೋಡಿಗಳನ್ನು ಕಟ್ಟಿ ಒಂದು ದಿನದಲ್ಲಿ ಉಳುವಷ್ಟು ನೆಲವೇ ಎಕರೆ. ಅದು ನಮ್ಮ ಹಾಗೆ ಚೌಕನೆಯ ಹೊಲವಲ್ಲ, ಉದ್ದನೆಯ ಪಟ್ಟಿ. ಉದ್ದ 220 ಗಜ, ಅಗಲ 22 ಗಜ. ಅವರ ನೇಗಿಲು ಭಾರ. ಅದಕ್ಕೆ ಎಂಟು ಎತ್ತು ಕಟ್ಟುವ ರೂಢಿ ಇತ್ತು. ಎಂಟು ಎತ್ತನ್ನು ತಿರುಗಿಸೋದು ದೊಡ್ಡ ಪಾಡು. ಹಾಗಾಗಿ ಒಮ್ಮೆ ಹೊರಟರೆ ಉದ್ದಕ್ಕೆ ಹೋಗಬೇಕು, ಎತ್ತಿಗೆ ದಮ್ಮು ಹತ್ತುವ ತನಕ. ಆ ಸಾಲಿನ ಉದ್ದವೇ ಫರ್ಲಾಂಗು. ನಮ್ಮ ಅಜ್ಜ "ಇಲ್ಲಿಂದ ಎರಡು ಫರ್ಲಾಂಗ್" ಅಂತ ದಾರಿ ಹೇಳುತ್ತಿದ್ದನಲ್ಲ, ಅದು ಇಂಗ್ಲೆಂಡಿನ ಎತ್ತು ನಿಂತು ಉಸಿರು ಬಿಟ್ಟ ದೂರ! ಇನ್ನು ಅಗಲ, 22 ಗಜ? ಅದು ಕ್ರಿಕೆಟ್ ಪಿಚ್ಚಿನ ಉದ್ದ. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಬೌಲರ್ ಚೆಂಡು ಎಸೆಯೋದು ಒಂದು ಎಕರೆಯ ಅಗಲ.

ಆ ಪಟ್ಟಿಗಳ ಗುರುತು ಇನ್ನೂ ಉಳಿದಿದೆ. ಲೆಸ್ಟರ್, ನಾರ್ಥಾಂಪ್ಟನ್ ಕಡೆ ರೈಲಿನಲ್ಲಿ ಹೋಗುವಾಗ, ಚಳಿಗಾಲದ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಿಟಕಿಯಿಂದ ನೋಡಬೇಕು. ಕುರಿ ಮೇಯುವ ಹಸಿರು ನೆಲದಲ್ಲಿ ಉದ್ದುದ್ದ ಅಲೆ. ಏರು, ಇಳಿ, ಏರು, ಇಳಿ. ನೂರಾರು ವರ್ಷ ಒಂದೇ ಪಟ್ಟಿಯನ್ನು ಒಂದೇ ಕಡೆ ಮಣ್ಣು ಮಗುಚಿ ಉತ್ತದ್ದರಿಂದ ನೆಲಕ್ಕೆ ಬಿದ್ದ ಸುಕ್ಕು ಅದು. ಉತ್ತವರ ಹೆಸರು ಒಂದೂ ಉಳಿದಿಲ್ಲ, ಆದರೆ ಅವರ ಸಾಲು ಹಾಗೇ ಇದೆ.

ಆಗ ಹೊಲಕ್ಕೆ ಬೇಲಿ ಇರಲಿಲ್ಲ. ಊರಿಗೆ ಎರಡೋ ಮೂರೋ ದೊಡ್ಡ ಬಯಲು. ಒಂದರಲ್ಲಿ ಗೋಧಿ ಅಥವಾ ರೈ, ಇನ್ನೊಂದರಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಹುರುಳಿಕಾಯಿ ಜಾತಿಯ ಕಾಳು, ಮೂರನೆಯದು ಬೀಳು. ಪ್ರತಿ ಮನೆಗೂ ಮೂರೂ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಒಳ್ಳೆ ನೆಲ ಕೆಟ್ಟ ನೆಲ ಎಲ್ಲರಿಗೂ ಹಂಚಿ ಬರಲಿ ಅಂತ. ಯಾವಾಗ ಬಿತ್ತೋದು, ಯಾವಾಗ ದನ ಬಿಡೋದು ಅಂತ ಊರೇ ಕೂತು ತೀರ್ಮಾನ ಮಾಡುತ್ತಿತ್ತು. ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಅನ್ನೋ ಹಳ್ಳಿಯಲ್ಲಿ ಈ ಪದ್ಧತಿ ಇವತ್ತಿಗೂ ಇದೆ. ವರ್ಷಕ್ಕೊಮ್ಮೆ ಊರ ಪಂಚರು ಬಯಲು ಸುತ್ತಿ, ಪಕ್ಕದವರ ಪಟ್ಟಿ ಒತ್ತಿ ಉತ್ತವರಿಗೆ ದಂಡ ಹಾಕುತ್ತಾರೆ. "ಬದು ಒತ್ತೋದು ಅಲ್ಲಿಯೂ ಐತಲ್ಲ" ಅಂತ ಅವ್ವನಿಗೆ ಸಮಾಧಾನ ಆಯ್ತು.

ಬೆಳೆ ಎಷ್ಟು ಬರುತ್ತಿತ್ತು ಅಂತ ಕೇಳಿದರೆ ಅಯ್ಯೋ ಅನಿಸುತ್ತೆ. ಒಂದು ಕಾಳು ಬಿತ್ತಿದರೆ ನಾಲ್ಕು. ಆ ನಾಲ್ಕರಲ್ಲಿ ಒಂದನ್ನು ಮುಂದಿನ ಬೀಜಕ್ಕೆ ಎತ್ತಿಡಬೇಕು. ಇವತ್ತಿನ ಲೆಕ್ಕದಲ್ಲಿ ಎಕರೆಗೆ ಎರಡೂವರೆ ಮೂರು ಕ್ವಿಂಟಲ್. 1315ರಿಂದ ಸಾಲಾಗಿ ಬೇಸಿಗೆಯಲ್ಲೂ ಮಳೆ ನಿಲ್ಲಲಿಲ್ಲ. ಬೆಳೆ ಕೊಳೆತು ದೊಡ್ಡ ಬರ ಬಂತು. ಮಳೆ ಜಾಸ್ತಿಯಾಗಿ ಬರ ಬರೋದು ಅನ್ನೋದನ್ನು ಅವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಅದಕ್ಕೇ ಬಡವರು ಗೋಧಿ ಮತ್ತು ರೈ ಬೀಜವನ್ನು ಕಲಸಿ ಒಂದೇ ಹೊಲಕ್ಕೆ ಎರಚುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು. ರೊಟ್ಟಿಯೂ ಕಲಬೆರಕೆ ಹಿಟ್ಟಿನದ್ದೇ. ನಮ್ಮ ಅಕ್ಕಡಿ ಬೆಳೆಯ ಬುದ್ಧಿಯೇ ಇದು. ನಾವು ಸಾಲು ಬೇರೆ ಮಾಡಿ ಬಿತ್ತುತ್ತೇವೆ, ಅವರು ಚೀಲದಲ್ಲೇ ಬೆರೆಸುತ್ತಿದ್ದರು.

ಇದಕ್ಕೂ ಹಿಂದಿನ ಕತೆ ಹೇಳಿದ ದಿನ ಅವ್ವ ಚಾ ಬಟ್ಟಲು ಕೆಳಗಿಟ್ಟಳು. ಸುಮಾರು 6000 ವರ್ಷದ ಹಿಂದೆ ಈ ದ್ವೀಪಕ್ಕೆ ಮೊದಲ ರೈತರು ಕಡಲು ದಾಟಿ ಬಂದರು. ಅವರು ತಂದ ಗೋಧಿಗೆ ಇಲ್ಲಿನವರು ಎಮ್ಮರ್ ಅಂತಾರೆ. ಫೋಟೋ ತೋರಿಸಿದೆ. ಅವ್ವ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಜವೆ ಗೋಧಿ ಅಲ್ಲೇನೋ?" ಅಂದಳು. ಅದೇ. ಸದಕ ಅಂತಲೂ ಕರೀತಾರೆ, ಮಹಾರಾಷ್ಟ್ರದ ಕಡೆ ಖಪಲಿ. ಬಡಿದರೆ ಹೊಟ್ಟು ಬಿಡೋದಿಲ್ಲ, ಒರಳಿಗೆ ಹಾಕಿ ಕುಟ್ಟಬೇಕು. ಹುಗ್ಗಿಗೆ, ಮಾದಲಿಗೆ ಅದರಷ್ಟು ರುಚಿ ಬೇರೆ ಗೋಧಿಗಿಲ್ಲ. ಬ್ರಿಟನ್ನಿನಲ್ಲಿ ಅದರ ಜೊತೆಗೆ ಆಮೇಲೆ ಸ್ಪೆಲ್ಟ್ ಅನ್ನೋ ಇನ್ನೊಂದು ಹೊಟ್ಟಿನ ಗೋಧಿ ಬಂತು. ರೋಮನ್ನರ ಕಾಲದಲ್ಲಿ ಇಲ್ಲಿಂದ ಧಾನ್ಯ ಹೊರಗೆ ಹೋಗುತ್ತಿತ್ತು. 359ರಲ್ಲಿ, ಮುಂದೆ ರೋಮನ್ ಚಕ್ರವರ್ತಿಯಾದ ಜೂಲಿಯನ್, ರೈನ್ ನದಿಯ ಕಡೆಯ ತನ್ನ ದಂಡಿಗೆ ಇಲ್ಲಿನ ಕಾಳನ್ನು ಹಡಗಿನಲ್ಲಿ ತರಿಸಿಕೊಂಡ. ಆಮೇಲಿನ ಆಂಗ್ಲೋ-ಸ್ಯಾಕ್ಸನ್ ಕಾಲದಲ್ಲಿ ಬಡಿದರೆ ಕಾಳು ಉದುರುವ ಬ್ರೆಡ್ಡಿನ ಗೋಧಿ ಗೆದ್ದಿತು. ಎಮ್ಮರ್ ಇಲ್ಲಿ ಹೆಚ್ಚುಕಡಿಮೆ ಮಾಯವಾಯಿತು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಹೊಲದಲ್ಲಿ ಅದು ಇನ್ನೂ ಬೆಳೆಯುತ್ತಿದೆ.

ಇನ್ನೊಂದು ಇದೆ. ಹ್ಯಾಂಪ್‌ಶೈರ್‌ನ ಬಟ್ಸರ್ ಅನ್ನೋ ಕಡೆ 1972ರಿಂದ ಒಂದು ಪ್ರಯೋಗದ ಹಳೇ ಕಾಲದ ಹೊಲಮನೆ ಇದೆ. ಪೀಟರ್ ರೆನಾಲ್ಡ್ಸ್ ಅನ್ನುವವರು ಅಲ್ಲಿ ಕಬ್ಬಿಣ ಯುಗದ ಜನ ಮಾಡಿದ ಹಾಗೆಯೇ ನೆಲದಲ್ಲಿ ಗುಂಡಿ ತೋಡಿ, ಕಾಳು ತುಂಬಿ, ಮೇಲೆ ಜೇಡಿಮಣ್ಣು ಮೆತ್ತಿ ಮುಚ್ಚಿ ನೋಡಿದರು. ಅಂಚಿನ ಕಾಳು ಸ್ವಲ್ಪ ಮೊಳೆತು ಒಳಗಿನ ಪ್ರಾಣವಾಯು ತಿಂದುಬಿಡುತ್ತೆ. ಆಮೇಲೆ ಹುಳ ಬದುಕಲ್ಲ, ಬೂಸ್ಟು ಹಿಡಿಯಲ್ಲ, ಚಳಿಗಾಲ ಕಳೆದರೂ ಕಾಳು ಹಾಗೇ ಇರುತ್ತೆ. ವಿದ್ವಾಂಸರಿಗೆ ಇದು ದೊಡ್ಡ ಸುದ್ದಿ. "ಹಗೇವು" ಅಂದಳು ಅವ್ವ, ಒಂದೇ ಮಾತಲ್ಲಿ.

ಮಂದಿ ಎಲ್ಲಿ ಅನ್ನೋ ಪ್ರಶ್ನೆಗೆ ಉತ್ತರ ಹತ್ತಿರ ಬಂದಿದ್ದು ಆಗಸ್ಟ್ ಮೊದಲ ವಾರ. ಕಟಾವಿನ ಯಂತ್ರ ಬಂತು. ಮಧ್ಯಾಹ್ನ ಶುರುವಾಗಿ ರಾತ್ರಿ ದೀಪ ಹಾಕಿಕೊಂಡು ಓಡಾಡಿ ಮುಗಿಸಿ ಹೋಯಿತು. ಬೆಳಿಗ್ಗೆ ನೋಡಿದರೆ ಕೂಳೆ ಮಾತ್ರ. ಅವ್ವ ಬದುವಿನ ಮೂಲೆಗೆ ಹೋದಳು. ಯಂತ್ರ ತಿರುಗುವಾಗ ಬಿಟ್ಟುಹೋದ ತೆನೆ ಅಲ್ಲಲ್ಲಿ ಬಿದ್ದಿದ್ದವು. ಸೀರೆ ಸೆರಗು ಒಡ್ಡಿ ಆಯಲು ಶುರು ಮಾಡಿದಳು.

"ಅವ್ವಾ, ಬ್ಯಾಡ. ಅದು ಬ್ಯಾರೆಯವರ ಹೊಲ."

"ಹಕ್ಕಲಕ್ಕ ಯಾರ ಅಪ್ಪಣೆ ಬೇಕೋ?"

ಬೇಕೋ ಬೇಡವೋ ಅನ್ನೋದು ಈ ದೇಶದಲ್ಲಿ ಕೋರ್ಟಿನ ತನಕ ಹೋದ ಪ್ರಶ್ನೆ. ಸಫೋಕ್ ಜಿಲ್ಲೆಯ ಟಿಮ್‌ವರ್ತ್ ಹಳ್ಳಿಯ ಮೇರಿ ಹೌಟನ್ ಎಂಬ ಹೆಂಗಸು ಜೇಮ್ಸ್ ಸ್ಟೀಲ್ ಎಂಬ ರೈತನ ಹೊಲದಲ್ಲಿ ಹಕ್ಕಲು ಆಯ್ದಳು. ಅವನು ದಾವೆ ಹೂಡಿದ. 1788ರಲ್ಲಿ ತೀರ್ಪು ಬಂತು. ಹಕ್ಕಲು ಆಯೋದು ಬಡವರಿಗೆ ಕಾನೂನು ಕೊಟ್ಟ ಹಕ್ಕಲ್ಲ, ಹೊಲದವನು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ. ಅದಕ್ಕೆ ಮುಂಚೆ ಜನ ಅದನ್ನು ಹಕ್ಕು ಅಂತಲೇ ನಂಬಿದ್ದರು. ಬೈಬಲ್ಲಿನಲ್ಲೇ ಇದೆಯಲ್ಲ, ಹೊಲದ ಮೂಲೆಯನ್ನು ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಬಡವರಿಗೆ ಬಿಡು ಅಂತ.

ಮಜಾ ಅಂದರೆ ತೀರ್ಪು ಬಂದ ಮೇಲೂ ಊರೂರಲ್ಲಿ ಹಕ್ಕಲು ನಿಲ್ಲಲಿಲ್ಲ. ಮುಂದೆ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. ರೈತ ತನ್ನ ಸಿವುಡೆಲ್ಲ ಸಾಗಿಸಿ ಹೊಲದಲ್ಲಿ ಒಂದೇ ಒಂದು ಸಿವುಡು ನಿಲ್ಲಿಸುತ್ತಿದ್ದ. ಅದು ಇರುವ ತನಕ ಯಾರೂ ಕಾಲಿಡಬಾರದು. ಅದನ್ನು ತೆಗೆದ ಮೇಲೆ ಚರ್ಚಿನ ಗಂಟೆ ಬಾರಿಸಿದರೆ ಹೆಂಗಸರು ಮಕ್ಕಳು ಒಳಗೆ ನುಗ್ಗುತ್ತಿದ್ದರು. ಸಂಜೆ ಇನ್ನೊಂದು ಗಂಟೆ, ಎಲ್ಲರೂ ಹೊರಗೆ. ಕಾಲಲ್ಲಿ ಬಲ ಇದ್ದವರು ಮುಂಜಾನೆಯೇ ಎಲ್ಲ ಬಾಚಿಕೊಳ್ಳಬಾರದಲ್ಲ, ಅದಕ್ಕೆ. ಒಂದು ಸುಗ್ಗಿಯ ಹಕ್ಕಲಿನಿಂದ ಕೂಲಿಯವರ ಮನೆಗೆ ಎಷ್ಟೋ ತಿಂಗಳ ರೊಟ್ಟಿಯ ಹಿಟ್ಟು ಆಗುತ್ತಿತ್ತು.

ಇದೇ ಹೊತ್ತಿಗೆ ಬಯಲಿಗೆ ಬೇಲಿ ಬಿತ್ತು. ಪಾರ್ಲಿಮೆಂಟಿನಲ್ಲಿ ಊರಿಗೊಂದು ಕಾಯ್ದೆ. 1604ರಿಂದ 1914ರ ತನಕ ಇಂಥ 5200ಕ್ಕೂ ಹೆಚ್ಚು ಕಾಯ್ದೆಗಳು, 68 ಲಕ್ಷ ಎಕರೆ. ಇಂಗ್ಲೆಂಡಿನ ಐದನೇ ಒಂದು ಪಾಲು ನೆಲ. ಬಹುಪಾಲು ಕಾಯ್ದೆ ಬಂದದ್ದು 1750ರ ನಂತರದ ನೂರು ವರ್ಷದಲ್ಲಿ. ಪಟ್ಟಿಗಳನ್ನು ಒಟ್ಟು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಕೊಟ್ಟರು. ಊರ ಗೋಮಾಳ ಹೋಯಿತು. ಹೊಲ ಇದ್ದವರಿಗೆ ಹೊಲ ಸಿಕ್ಕಿತು. ಗೋಮಾಳದಲ್ಲಿ ಒಂದು ಆಕಳು, ನಾಲ್ಕು ಬಾತು ಮೇಯಿಸಿ ಬದುಕುತ್ತಿದ್ದವರ ಕೈಯಲ್ಲಿ ಕಾಗದಪತ್ರ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಕೂಲಿ. ನಾನು ದಿನಾ ಹೊಗಳುತ್ತಿದ್ದ ಆ ಚಂದದ ಬೇಲಿಗಳಲ್ಲಿ ಎಷ್ಟೋ ಆಗ ನೆಟ್ಟವು.

ಬೇಲಿಯಿಂದ ಬೆಳೆ ಹೆಚ್ಚಿತು ಅನ್ನೋ ವಾದವೂ ಇದೆ. ಪೂರ್ತಿ ಸುಳ್ಳಲ್ಲ. ನಾರ್ಫೋಕ್ ಕಡೆ ನಾಲ್ಕು ವರ್ಷದ ಸುತ್ತು ಹಿಡಿದರು. ಗೋಧಿ, ಆಮೇಲೆ ಟರ್ನಿಪ್ ಗೆಡ್ಡೆ, ಆಮೇಲೆ ಬಾರ್ಲಿ, ಆಮೇಲೆ ಕ್ಲೋವರ್ ಹುಲ್ಲು. ಬೀಳು ಬಿಡುವ ವರ್ಷವೇ ಇಲ್ಲ. ಗೆಡ್ಡೆ ಮತ್ತು ಹುಲ್ಲನ್ನು ಕುರಿ ದನ ತಿಂದು ಗೊಬ್ಬರ ಹಾಕುತ್ತವೆ. ಕ್ಲೋವರ್ ನಮ್ಮ ಹೆಸರುಕಾಳು, ಕಡಲೆ ಗಿಡದ ಹಾಗೆ ಬೇರಿನ ಗಂಟಿನಲ್ಲಿ ಸಾರಜನಕ ಕಟ್ಟುತ್ತೆ. ಟೌನ್‌ಶೆಂಡ್ ಎಂಬ ಜಮೀನ್ದಾರ ಈ ಗೆಡ್ಡೆಯ ಹುಚ್ಚು ಹಿಡಿಸಿಕೊಂಡು ಟರ್ನಿಪ್ ಟೌನ್‌ಶೆಂಡ್ ಅಂತಲೇ ಹೆಸರಾದ.

ಇನ್ನೊಬ್ಬ ಹೆಸರುವಾಸಿ ಜೆಥ್ರೋ ಟಲ್. 1701ರ ಸುಮಾರಿಗೆ ಸಾಲು ಹಿಡಿದು ಬೀಜ ಬಿತ್ತುವ ಯಂತ್ರ ಮಾಡಿದ. ಇಲ್ಲಿ ಶಾಲೆ ಮಕ್ಕಳ ಪುಸ್ತಕದಲ್ಲೆಲ್ಲ ಅವನಿದ್ದಾನೆ. ಚಿತ್ರ ನೋಡಿದ ಅವ್ವ "ಕೂರಿಗಿ" ಅಂದಳು. ಆಕೆಯದ್ದೇನೂ ಹೊಸ ಮಾತಲ್ಲ. 1790ರ ದಶಕದಲ್ಲಿ ಹಾಲ್ಕಾಟ್ ಎಂಬ ಕ್ಯಾಪ್ಟನ್ ದಕ್ಷಿಣ ಭಾರತದ ಹೊಲವೊಂದರಲ್ಲಿ ಕೂರಿಗೆ ಓಡುವುದನ್ನು ಕಂಡ. ಇದು ಯುರೋಪಿನವರ ಹೊಸ ಆವಿಷ್ಕಾರ ಅಂದುಕೊಂಡಿದ್ದೆನಲ್ಲ ಅಂತ ಬೆರಗಾಗಿ, ಆಗಷ್ಟೇ ಶುರುವಾಗಿದ್ದ ಬ್ರಿಟನ್ನಿನ ಕೃಷಿ ಮಂಡಳಿಗೆ ಅದರ ವಿವರ ಬರೆದು ಕಳಿಸಿದ. ಮರದ ಬಟ್ಟಲು, ಬಿದಿರಿನ ಕೊಳವೆ. ಊರ ಬಡಿಗನೇ ಮಾಡಿಕೊಡುವಂಥದ್ದು.

ಸರಿ, ಮಂದಿಯ ವಿಷಯಕ್ಕೆ ಬರೋಣ. ಕೊಯ್ದ ಗೋಧಿಯನ್ನು ಇಲ್ಲಿ ಕೂಡಲೇ ಬಡಿಯುತ್ತಿರಲಿಲ್ಲ. ಬಣವೆ ಒಟ್ಟಿ, ಚಳಿಗಾಲವಿಡೀ ಕೊಟ್ಟಿಗೆಯೊಳಗೆ ಕೋಲಿನಿಂದ ಬಡಿಯುತ್ತಿದ್ದರು. ನವೆಂಬರಿನಿಂದ ಫೆಬ್ರವರಿ ತನಕ ಹೊರಗೆ ಕೆಲಸ ಇಲ್ಲ, ಕೂಲಿಯವರ ಒಲೆ ಉರಿಯೋದು ಇದರಿಂದಲೇ. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಕಾಳು ಬಡಿಯುವ ಯಂತ್ರ ಮಾಡಿದ. ನೆಪೋಲಿಯನ್ ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲೆ ಕೂಲಿ ಕುಸಿಯಿತು, ಯಂತ್ರ ಹೆಚ್ಚಾಯಿತು. 1830ರ ಆಗಸ್ಟ್ ಕೊನೆಗೆ ಕೆಂಟ್ ಕಡೆ ಜನ ರಾತ್ರಿ ಹೋಗಿ ಒಂದು ಯಂತ್ರ ಒಡೆದರು. ಚಳಿಗಾಲ ಬರುವಷ್ಟರಲ್ಲಿ ದಕ್ಷಿಣ, ಪೂರ್ವ ಇಂಗ್ಲೆಂಡಿನಲ್ಲೆಲ್ಲ ಬಣವೆಗೆ ಬೆಂಕಿ, ಯಂತ್ರಕ್ಕೆ ಸುತ್ತಿಗೆ. ರೈತರ ಬಾಗಿಲಿಗೆ ಬರುತ್ತಿದ್ದ ಬೆದರಿಕೆ ಪತ್ರಕ್ಕೆ "ಕ್ಯಾಪ್ಟನ್ ಸ್ವಿಂಗ್" ಅಂತ ರುಜು. ಅಂಥ ಮನುಷ್ಯನೇ ಇರಲಿಲ್ಲ. 19 ಜನರನ್ನು ಗಲ್ಲಿಗೇರಿಸಿದರು. ಐನೂರರ ಹತ್ತಿರ ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾದ ಕಡೆ ಸಾಗಿಸಿದರು. ಎಷ್ಟೋ ಜನ ಹೆಂಡತಿ ಮಕ್ಕಳ ಮುಖ ಮತ್ತೆ ನೋಡಲೇ ಇಲ್ಲ. ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. "ಅವರೂ ನಮ್ಮಂಗ ಆಳ್ ಮಂದಿನೇ ಅಲ್ಲೇನು" ಅಂದಳು ಕೊನೆಗೆ. ಬಿಳಿಯರೆಂದರೆ ಧಣಿಗಳು ಅಂತಲೇ ಆಕೆ ಅಲ್ಲಿ ತನಕ ತಿಳಿದಿದ್ದಳು. ನಾನೂ ಅಷ್ಟೆ, ಸುಳ್ಳು ಯಾಕೆ ಹೇಳಲಿ.

ಧಣಿ ಅಂದಾಗ ನೆನಪಾಯ್ತು. ಲಾರ್ಡ್ ಅನ್ನೋ ಪದದ ಹಳೇ ರೂಪಕ್ಕೆ "ರೊಟ್ಟಿ ಕಾಯುವವನು" ಅಂತ ಅರ್ಥವಂತೆ. ಲೇಡಿ ಅಂದರೆ "ಹಿಟ್ಟು ನಾದುವವಳು". ಯಾರ ಉಗ್ರಾಣದಲ್ಲಿ ಕಾಳು ಇದೆಯೋ ಅವನೇ ಒಡೆಯ!

ಈ ರೊಟ್ಟಿ ಕಾಯುವವರು 1815ರಲ್ಲಿ ಒಂದು ಕಾನೂನು ತಂದರು. ಕಾರ್ನ್ ಲಾ. ಕಾರ್ನ್ ಅಂದರೆ ಮೆಕ್ಕೆಜೋಳ ಅಂದುಕೊಳ್ಳಬೇಡಿ, ಇಂಗ್ಲೆಂಡಿನಲ್ಲಿ ಹಳೇ ಕಾಲದಿಂದ ಅದು ಕಾಳಿನ ಬೆಳೆಗೆಲ್ಲ, ಮುಖ್ಯವಾಗಿ ಗೋಧಿಗೆ ಹೆಸರು. ಹೊರಗಿನ ಗೋಧಿ ಅಗ್ಗಕ್ಕೆ ಒಳಗೆ ಬರಬಾರದು ಅಂತ ಆ ಕಾನೂನು. ಜಮೀನ್ದಾರರಿಗೆ ಒಳ್ಳೆಯದಾಯಿತು, ಪೇಟೆಯ ಬಡವರಿಗೆ ಬ್ರೆಡ್ ದುಬಾರಿಯಾಯಿತು. 1846ರಲ್ಲಿ ತೆಗೆದರು. ಕೂಡಲೇ ಏನೂ ಆಗಲಿಲ್ಲ. ಅಮೆರಿಕದ ಬಯಲುಸೀಮೆಗೆ ರೈಲು ಹೋಗಿ, ಹಡಗಿಗೆ ಉಗಿ ಯಂತ್ರ ಬಂದ ಮೇಲೆ ಪೆಟ್ಟು ಬಿತ್ತು. 1870ರ ದಶಕದ ಶುರುವಿನಲ್ಲಿ ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ಎಂಟು ಬುಶೆಲ್‌ಗೆ, 50 ಶಿಲಿಂಗಿನ ಮೇಲಿತ್ತು. 1894ರಲ್ಲಿ 23ಕ್ಕೂ ಕಡಿಮೆ. ನಡುವೆ 1879ರಲ್ಲಿ ಮಳೆ ಹಿಡಿದು ಸುಗ್ಗಿಯೇ ಹಾಳು. ಗೋಧಿ ಹೊಲ ಅರ್ಧಕ್ಕಿಂತ ಕಡಿಮೆಯಾಗಿ ಹುಲ್ಲುಗಾವಲಾಯಿತು. ಹುಲ್ಲಿಗೆ ಆಳು ಬೇಡ. ಜನ ಪೇಟೆಗೆ, ಕೆನಡಾಕ್ಕೆ ಹೊರಟರು.

ಇಲ್ಲಿ ನನ್ನ ಓದು ಸ್ವಲ್ಪ ನಿಂತಿತು. ಹೊರಗಿನಿಂದ ಬಂದ ಆ ಅಗ್ಗದ ಗೋಧಿಯಲ್ಲಿ ಭಾರತದ್ದೂ ಇತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ನಮ್ಮ ಗೋಧಿ ಲಿವರ್‌ಪೂಲಿಗೆ, ಲಂಡನ್ನಿಗೆ ಹಡಗಿನಲ್ಲಿ ಬರತೊಡಗಿತು. 1876ರಿಂದ 78ರ ತನಕ, ನಮ್ಮಲ್ಲಿ ಧಾತು-ಈಶ್ವರ ಸಂವತ್ಸರದ ಬರ ಬಿದ್ದಾಗಲೂ ಅದು ನಿಲ್ಲಲಿಲ್ಲ. ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಧಾರವಾಡ, ವಿಜಯಪುರದ ಕಡೆ ಊರಿಗೆ ಊರೇ ಗುಳೆ ಹೋಯಿತು. ಇಲ್ಲಿನ ಕೂಲಿಯವನು ಹೊರಗಿನ ಗೋಧಿ ತನ್ನ ಕೆಲಸ ಕಿತ್ತುಕೊಂಡಿತು ಅಂತ ಹಡಗು ಹತ್ತುತ್ತಿದ್ದ. ಆ ಗೋಧಿ ಬೆಳೆದ ದೇಶದಲ್ಲಿ ಜನ ಕಾಳಿಲ್ಲದೆ ಸಾಯುತ್ತಿದ್ದರು. ಇದನ್ನು ಮಾತ್ರ ಅವ್ವನಿಗೆ ಹೇಳಲಿಲ್ಲ. ಯಾಕೆ ಅಂತ ಕೇಳಬೇಡಿ.

ಆಮೇಲಿನದು ಬೇಗ ಹೇಳಬಹುದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ತಿನ್ನುವ ಗೋಧಿಯಲ್ಲಿ ಐದರಲ್ಲಿ ನಾಲ್ಕು ಪಾಲು ಹೊರಗಿನದ್ದು. ಜರ್ಮನರ ಜಲಾಂತರ್ಗಾಮಿಗಳು ಹಡಗು ಮುಳುಗಿಸಿದಾಗ ಹೊಲದ ಬೆಲೆ ಗೊತ್ತಾಯಿತು. 1917ರಲ್ಲಿ ಬೆಂಬಲ ಬೆಲೆ ಕೊಟ್ಟರು, 1921ರಲ್ಲಿ ಕಿತ್ತುಕೊಂಡರು. ಹಳೇ ರೈತ ಮನೆತನಗಳಲ್ಲಿ ಅದನ್ನು ಮಹಾದ್ರೋಹ ಅಂತಲೇ ಕರೆಯುತ್ತಾರೆ. ಎರಡನೇ ಯುದ್ಧದಲ್ಲಿ ಸುಮಾರು 60 ಲಕ್ಷ ಎಕರೆ ಹುಲ್ಲುಗಾವಲನ್ನು ಮತ್ತೆ ಉತ್ತರು. ಸರಿಯಾಗಿ ಬೆಳೆಯದವನನ್ನು ಹೊಲ ಬಿಡಿಸುವ ಅಧಿಕಾರವೂ ಜಿಲ್ಲಾ ಸಮಿತಿಗಳಿಗಿತ್ತು. 80,000ಕ್ಕೂ ಹೆಚ್ಚು ಹುಡುಗಿಯರು, ಎಷ್ಟೋ ಜನ ಪೇಟೆಯಿಂದ ಬಂದವರು, ಹೊಲದಲ್ಲಿ ದುಡಿದರು. ಹೊಲ ತುಂಬ ಜನ ಕಂಡಿದ್ದು ಬಹುಶಃ ಅದೇ ಕೊನೆ. ಯುದ್ಧದಲ್ಲಿ ರೇಷನ್ ಆಗದ ಬ್ರೆಡ್ ಯುದ್ಧ ಗೆದ್ದ ಮೇಲೆ, 1946ರಿಂದ 48ರ ತನಕ, ರೇಷನ್ ಆಯಿತು. ಆ ಭಯ ಈ ದೇಶದ ಕೃಷಿ ನೀತಿಯಿಂದ ಬಹಳ ಕಾಲ ಹೋಗಲಿಲ್ಲ. 1947ರಲ್ಲಿ ಹೊಸ ಕಾಯ್ದೆ, ಖಾತ್ರಿ ಬೆಲೆ. ಕುದುರೆ ಹೋಗಿ ಟ್ರ್ಯಾಕ್ಟರ್, ಕೊಯ್ದು ಅಲ್ಲೇ ಕಾಳು ಬಿಡಿಸುವ ಯಂತ್ರ. 1851ರಲ್ಲಿ ದುಡಿಯುವ ಐವರಲ್ಲಿ ಒಬ್ಬರು ಹೊಲದಲ್ಲಿದ್ದರು. ಈಗ ನೂರಕ್ಕೆ ಒಬ್ಬರು.

ಬೆಳೆ? ಎಕರೆಗೆ ಸರಾಸರಿ 32 ಕ್ವಿಂಟಲ್ ಅಂದೆ. "ಸುಳ್ಳು" ಅಂದಳು ಅವ್ವ. ಮಳೆ ನಂಬಿದ ನಮ್ಮ ಹೊಲದಲ್ಲಿ ನಾಲ್ಕು ಬಂದರೆ ಪುಣ್ಯ. ಆಗ ಬ್ರಾಡ್‌ಬಾಕ್ ಕತೆ ಹೇಳಬೇಕಾಯ್ತು. ನಮ್ಮೂರಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾರ್ಪೆಂಡನ್‌ನಲ್ಲಿ ರಾಥಮ್‌ಸ್ಟೆಡ್ ಅನ್ನೋ ಸಂಶೋಧನಾ ಕೇಂದ್ರ ಇದೆ. ಮೂಳೆಗೆ ಗಂಧಕಾಮ್ಲ ಹಾಕಿ ರಂಜಕದ ಗೊಬ್ಬರ ಮಾಡಿ 1842ರಲ್ಲಿ ಪೇಟೆಂಟ್ ಪಡೆದ ಲಾಸ್ ಎಂಬ ಜಮೀನ್ದಾರ, ಗಿಲ್ಬರ್ಟ್ ಎಂಬ ರಸಾಯನ ಪಂಡಿತನನ್ನು ಜೊತೆಗೆ ಹಾಕಿಕೊಂಡು ಮರು ವರ್ಷ ಬ್ರಾಡ್‌ಬಾಕ್ ಹೊಲದಲ್ಲಿ ಗೋಧಿ ಬಿತ್ತಿಸಿದ. ಒಂದು ಪಟ್ಟಿಗೆ ತಿಪ್ಪೆಗೊಬ್ಬರ, ಉಳಿದವಕ್ಕೆ ಬೇರೆ ಬೇರೆ ರಾಸಾಯನಿಕ, ಒಂದಕ್ಕೆ ಏನೂ ಇಲ್ಲ. ಆ ಪ್ರಯೋಗ ಇನ್ನೂ ನಿಂತಿಲ್ಲ. ಏನೂ ಹಾಕದ ಪಟ್ಟಿ 180 ವರ್ಷವಾದರೂ ಎಕರೆಗೆ ನಾಲ್ಕು ಕ್ವಿಂಟಲ್ ಆಸುಪಾಸು ಕೊಡುತ್ತಲೇ ಇದೆ. ನಮ್ಮ ಹೊಲದಷ್ಟೇ! ಗೊಬ್ಬರ ಬಿದ್ದ ಪಟ್ಟಿ ಅದರ ಎಷ್ಟೋ ಪಟ್ಟು. 1882ರಲ್ಲಿ ಹೊಲದ ಒಂದು ಮೂಲೆಯನ್ನು ಕೊಯ್ಯದೆ ಬಿಟ್ಟರು. ಅದೀಗ ಕಾಡು. ಗೊಬ್ಬರದ ಜೊತೆ ಗಿಡ್ಡ ತಳಿ, ಔಷಧಿ, ಹತ್ತು ತಿಂಗಳು ಹೊಲದಲ್ಲಿ ನಿಲ್ಲುವ ಪೈರು, ರಾತ್ರಿ ಒಂಬತ್ತರ ತನಕ ಇರುವ ಬೇಸಿಗೆಯ ಬೆಳಕು ಎಲ್ಲ ಸೇರಿ 32.

ಗಿಡ್ಡ ತಳಿ ಅಂದೆನಲ್ಲ. ಡೆವನ್ ಕಡೆಯ ಕೆಲವು ಹಳೇ ಮನೆಗಳ ಹುಲ್ಲಿನ ಮಾಡನ್ನು ಬಿಚ್ಚಿದರೆ ತಳದ ಪದರದಲ್ಲಿ ಐನೂರು ವರ್ಷದ ಹಿಂದಿನ ಗೋಧಿ ಹುಲ್ಲು, ತೆನೆ ಸಮೇತ, ಒಲೆಯ ಹೊಗೆಗೆ ಕಪ್ಪಾಗಿ ಹಾಗೇ ಸಿಗುತ್ತೆ. ಆಳೆತ್ತರದ ಹುಲ್ಲು. ಒಂದು ಹಿಡಿಯಲ್ಲಿ ಹತ್ತು ಬಗೆಯ ತೆನೆ. ಮೀಸೆ ಇದ್ದದ್ದು, ಇಲ್ಲದ್ದು, ಕೆಂಪು, ಬಿಳಿ.

ಅವ್ವ ಆಯ್ದ ತೆನೆ ಮಾತ್ರ ಎಲ್ಲವೂ ಅಚ್ಚಿನಲ್ಲಿ ತೆಗೆದ ಹಾಗೆ. ಒಂದನ್ನು ಅಂಗೈಯಲ್ಲಿ ತಿಕ್ಕಿದಳು. ಹೊಟ್ಟು ಊದಿದಳು. ಕಾಳು ಬಾಯಿಗೆ ಹಾಕಿಕೊಂಡು ಅಗಿದಳು. ಸ್ವಲ್ಪ ಹೊತ್ತು ಹಾಗೇ ಅಗಿಯುತ್ತ ನಿಂತು, "ಜಿಗಿ ಇಲ್ಲೋ ಇದಕ್ಕ. ಚಪಾತಿ ಆಗಂಗಿಲ್ಲ" ಅಂದಳು.

ಸರಿಯಾಗಿಯೇ ಹೇಳಿದಳು. ಇಲ್ಲಿ ಗೋಧಿ ತಳಿಗಳಿಗೆ ಒಂದರಿಂದ ನಾಲ್ಕು ದರ್ಜೆ. ಒಂದನೆಯದು ಬ್ರೆಡ್ಡಿಗೆ. ನಾಲ್ಕನೆಯದರಲ್ಲಿ ಬಹುಪಾಲು ಕೋಳಿಗೆ, ಹಂದಿಗೆ. ಬ್ರಿಟನ್ನಿನ ಗೋಧಿಯಲ್ಲಿ ಹತ್ತಿರ ಹತ್ತಿರ ಅರ್ಧ ತಿನ್ನೋದು ಪ್ರಾಣಿಗಳೇ. ತಂಪು ಹವೆಯ ಈ ಮೆತ್ತನೆ ಗೋಧಿಗೆ ಜಿಗಿ ಕಡಿಮೆ ಅಂತ ಮೊದಲೆಲ್ಲ ಬ್ರೆಡ್ಡಿಗೆ ಕೆನಡಾದ ಗಟ್ಟಿ ಗೋಧಿ ತರಿಸುತ್ತಿದ್ದರು. 1961ರಲ್ಲಿ ನಮ್ಮದೇ ಜಿಲ್ಲೆಯ ಚಾರ್ಲಿವುಡ್‌ನಲ್ಲಿ ಹೊಸ ವಿಧಾನ ಕಂಡುಹಿಡಿದರು. ಹಿಟ್ಟನ್ನು ಕೆಲವೇ ನಿಮಿಷ ಭಯಂಕರ ವೇಗದಲ್ಲಿ ಕಲಸಿದರೆ ಇಲ್ಲಿನ ಗೋಧಿಯೂ ಉಬ್ಬುತ್ತೆ. ಅಂಗಡಿಯ ಬಿಳಿ ಬ್ರೆಡ್ ಬಹುಪಾಲು ಅದೇ. ಹತ್ತಿಯ ಹಾಗೆ ಮೆತ್ತಗೆ. ಅವ್ವ ಅದನ್ನು ಒಂದು ಸಲ ತಿಂದು, ಜ್ವರ ಬಂದಾಗ ತಿನ್ನೋದಕ್ಕೆ ಸರಿ ಅಂತ ತೀರ್ಪು ಕೊಟ್ಟಿದ್ದಳು.

ಸೆರಗಿನ ಹಕ್ಕಲಿನಲ್ಲಿ ಒಂದು ಹಿಡಿಯನ್ನು ದಾರದಿಂದ ಕಟ್ಟಿ ಅಡುಗೆಮನೆ ಬಾಗಿಲ ಮೇಲೆ ತೂಗು ಹಾಕಿದಳು. ಉಳಿದದ್ದನ್ನು ಗುಬ್ಬಿಗೆ ಚೆಲ್ಲಿದಳು. ಸೆಪ್ಟೆಂಬರಿನಲ್ಲಿ ಊರಿಗೆ ಹೋದಳು.

ನವೆಂಬರಿನಲ್ಲೊಂದು ಭಾನುವಾರ ವಿಡಿಯೋ ಕಾಲ್ ಮಾಡಿ ಹೊಲ ತೋರಿಸಿದೆ. ಬೆರಳುದ್ದ ಹಸಿರು, ಸಾಲು ಸಾಲು. ಇನ್ನು ಚಳಿ ಬೀಳುತ್ತೆ, ಹಿಮವೂ ಬೀಳಬಹುದು, ಆದರೂ ಸಾಯಲ್ಲ, ಆ ಚಳಿ ತಾಗಿದರೇ ಈ ಗೋಧಿ ತೆನೆ ಹಿಡಿಯೋದು ಅಂದೆ. ಅವ್ವ ನಂಬಲಿಲ್ಲ. ಫೋನನ್ನು ಇನ್ನೂ ಕೆಳಗೆ ಹಿಡಿ ಅಂದಳು. ಹಿಡಿದೆ.

"ಛಲೋ ಬಿತ್ಯಾರ. ಯಾರ್ ಬಿತ್ತಿದ್ರು?"

"ನೋಡ್ಲಿಲ್ಲವ್ವಾ. ಆಫೀಸಿಂದ ಬರೂದ್ರಾಗ ಮುಗದಿತ್ತು."